ತೆರೆಯ ಮೇಲೆ ಗೆದ್ದವರು ಯಾರು?

ಒಂದಾನೊಂದು ಊರಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತ ಒಬ್ಬ ಅರಸನಿದ್ದ. ಹೆಸರು ಎಂಟೆದೆರಾಯ. ಅವನಿಗೆ ಪ್ರಾಣಕ್ಕೆ ಸಂಚಕಾರ ತರುವ ಆಟಗಳೆಂದರೆ ಬಲು ಇಷ್ಟ. ಬಂಡೆಯ ತುದಿಯಿಂದ ಹಾರುವುದು, ಕಣ್ಣು ಕಟ್ಟಿಕೊಂಡು ಗೂಳಿಯ ಜೊತೆ ಗುದ್ದಾಡುವುದು, ಮೊಸಳೆಯ ಬಾಯೊಳಗೆ ಕೂತು ಎಲೆಯಡಿಕೆ ಹಾಕುವುದು. ಇವೆಲ್ಲ ಗಂಡಾಂತರದ ಆಟಗಳು. ಉಳಿದದ್ದೆಲ್ಲ ಸೋಮಾರಿ ಆಟ. ಸೋಮಾರಿ ಆಟ ಆಡಿದವರು ಊರು ಬಿಡಬೇಕು. ಚೆನ್ನೆಮಣೆ ಆಡಿದ ಅಜ್ಜಿಯರೆಲ್ಲ ಆಗಲೇ ಗಂಟುಮೂಟೆ ಕಟ್ಟಿದ್ದರು.

ಅದೇ ಊರಿನಲ್ಲಿ ರಾಜೀವಿ ಮೀನು ಮಾರುತ್ತಿದ್ದಳು. ಬುಟ್ಟಿ ಖಾಲಿಯಾದ ಮೇಲೆ ಒಡೆದ ದೋಣಿಯ ಹಲಗೆ ಹಿಡಿದು ನೀರಿಗಿಳಿಯುತ್ತಿದ್ದಳು. ತೆರೆ ಎದ್ದಾಗ ಹಲಗೆಯ ಮೇಲೆ ಎದ್ದು ನಿಲ್ಲುತ್ತಿದ್ದಳು. ತೆರೆ ದಡಕ್ಕೆ ಬರುತ್ತಿತ್ತು, ಇವಳೂ ಬರುತ್ತಿದ್ದಳು. ಅಷ್ಟೇ.

ಸುದ್ದಿ ಮುಟ್ಟಿತು. ಅರಸ ಅವಳನ್ನು ಕರೆಸಿದ.

“ನಿನ್ನದು ಗಂಡಾಂತರದ ಆಟವೋ, ಸೋಮಾರಿ ಆಟವೋ?”

“ಗೊತ್ತಿಲ್ಲ ಒಡೆಯರೇ. ಒಮ್ಮೆ ಬಂಡೆಗೆ ಬಡಿದು ಹಲ್ಲು ಹೋಯ್ತು.”

“ಹಾಗಾದರೆ ಗಂಡಾಂತರ ಉಂಟು. ಎದುರಾಳಿ ಯಾರು?”

“ಯಾರೂ ಇಲ್ಲ.”

“ಎದುರಾಳಿಯೇ ಇಲ್ಲದೆ ಗೆದ್ದದ್ದು ಹೇಗೆ?”

“ಗೆದ್ದೆ ಅಂತ ನಾನು ಹೇಳಲೇ ಇಲ್ಲವಲ್ಲ!”

ಮಂತ್ರಿ ತಿಮ್ಮಣ್ಣಯ್ಯ ಗಂಟಲು ಸರಿಮಾಡಿಕೊಂಡ. “ತೆರೆಯೇ ಎದುರಾಳಿ ಒಡೆಯರೇ. ಅದನ್ನೇ ಕೇಳೋಣ.”

ತೆರೆಗೆ ಕರೆ ಹೋಯಿತು. ಒಂದು ತೆರೆ ಬಂದು ಅರಮನೆಯ ಮೆಟ್ಟಿಲ ಮೇಲೆ ಉಸ್ಸೆಂದು ಕೂತಿತು.

“ನೀನು ಈಕೆಗೆ ಸೋತೆಯಾ?”

“ಅದು ನನ್ನ ಅಕ್ಕ. ನಾನು ಈಗಷ್ಟೇ ಹುಟ್ಟಿದವಳು” ಎನ್ನುತ್ತಲೇ ಅದು ನೊರೆಯಾಗಿ ಹೋಯಿತು. ಅದರ ಹಿಂದಿನದನ್ನು ಕೇಳಿದರೆ ಅದೂ ಹಾಗೇ ಅಂದಿತು.

ಅರಸನಿಗೆ ಸಿಟ್ಟು ಬಂತು. “ಪ್ರತಿ ಸಲವೂ ಬೇರೆ ತೆರೆಯೇ? ಒಬ್ಬರಿಗೆ ದೊಡ್ಡ ತೆರೆ, ಒಬ್ಬರಿಗೆ ಸಣ್ಣ ತೆರೆ ಸಿಕ್ಕಿದರೆ ಅದು ಎಂಥ ಪಂದ್ಯ? ನಾಳೆಯಿಂದ ಎಲ್ಲ ತೆರೆಗಳೂ ಒಂದೇ ಅಳತೆ! ಅಲ್ಲಿಯ ತನಕ ಯಾರೂ ನೀರಿಗಿಳಿಯಬಾರದು!”

ದೊಡ್ಡ ತೆರೆಗಳು ಸಣ್ಣದಾಗಲು ಒಪ್ಪಲಿಲ್ಲ. ಸಣ್ಣವಕ್ಕೆ ದೊಡ್ಡದಾಗಲು ಆಗಲಿಲ್ಲ. ಜಗಳವೇ ಬೇಡವೆಂದು ಎಲ್ಲವೂ ಮಲಗಿಬಿಟ್ಟವು. ಸಮುದ್ರ ಹಾಸಿದ ಚಾಪೆಯಂತಾಯಿತು. ದಡ ಯಾವ ಕಡೆ ಎಂದು ಮೀನುಗಳಿಗೆ ತಿಳಿಯಲಿಲ್ಲ. ತೊಟ್ಟಿಲ ಕೂಸುಗಳು ನಿದ್ದೆ ಬಿಟ್ಟವು. ಅರಸನಿಗೂ ಕೂತಲ್ಲಿ ಕೂರಲಾಗಲಿಲ್ಲ. ಹುಟ್ಟಿದಾಗಿನಿಂದ ಅವನ ಬೆನ್ನ ಹಿಂದೆ ಯಾರೋ ಉಸಿರಾಡುತ್ತಿದ್ದರು. ಈಗ ಆ ಉಸಿರು ನಿಂತಿತ್ತು.

ಹೆದರಿಕೆಯಾಗಿ ದಡಕ್ಕೆ ಓಡಿದ. ರಾಜೀವಿ ಮರಳಿನಲ್ಲಿ ಕೂತಿದ್ದಳು, ಕಣ್ಣು ಒದ್ದೆ.

“ಏನು ಮಾಡುವುದು ಮಾರಾಯ್ತಿ?”

“ಅಪ್ಪಣೆ ವಾಪಸು ತಗೊಳ್ಳಿ. ಆಮೇಲೆ ನೀವೇ ಒಮ್ಮೆ ನಿಂತು ನೋಡಿ. ಬಾಯಲ್ಲಿ ಹೇಳ್ಲಿಕ್ಕೆ ನನಗೂ ಬರುವುದಿಲ್ಲ.”

ಅರಸ ಅಪ್ಪಣೆ ಹಿಂದಕ್ಕೆ ಪಡೆದ. ಸಮುದ್ರ ಆಕಳಿಸುತ್ತ ಎದ್ದಿತು. ಅರಸ ಹಲಗೆ ಹತ್ತಿದ, ಬಿದ್ದ. ಅವನ ಕಿರೀಟ ಒಂದು ತೆರೆಯ ತಲೆಗೆ ಸರಿಯಾಗಿ ಕೂತು ಹೊರಟೇಹೋಯಿತು. ಮತ್ತೆ ಹತ್ತಿದ, ಮತ್ತೆ ಬಿದ್ದ, ಉಪ್ಪುನೀರು ಕುಡಿದ. ರಾಜೀವಿ ಹಿಂದಿನಿಂದ ಹಲಗೆ ನೂಕುತ್ತಲೇ ಇದ್ದಳು. ಕೊನೆಗೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಎಂಟೆದೆರಾಯ ನಿಂತ. ದಡ ತಾನಾಗಿಯೇ ಅವನ ಕಡೆ ನಡೆದು ಬಂತು.

ತಿಮ್ಮಣ್ಣಯ್ಯ ಪಂಚೆ ಎತ್ತಿಕೊಂಡು ಓಡಿ ಬಂದ. “ಗೆದ್ದಿರೋ, ಸೋತಿರೋ ಒಡೆಯರೇ?”

ಅರಸ ಕಿರೀಟವಿಲ್ಲದ ತಲೆ ಮುಟ್ಟಿ ನೋಡಿಕೊಂಡ.

“ನಿಂತಿದ್ದಾಗ ಆ ಪ್ರಶ್ನೆ ನನ್ನ ಹತ್ತಿರ ಇರಲಿಲ್ಲ ತಿಮ್ಮಣ್ಣಯ್ಯ. ನೀರಲ್ಲಿ ಎಲ್ಲೋ ಬಿದ್ದುಹೋಗಿದೆ. ತಡಿ, ಹುಡುಕಿ ಬರ್ತೇನೆ.”

ಹಲಗೆ ಎತ್ತಿಕೊಂಡು ತಿರುಗಿ ನಡೆದ. ಇನ್ನೂ ಹುಡುಕುತ್ತಿದ್ದಾನಂತೆ. ನೀತಿ ಬೇಕಾದವರು ದಡದಲ್ಲಿ ಕಾಯಿರಿ. ಕತೆಯೇ ಸಾಕೆನ್ನುವವರು ಕಿವಿಯೊಳಗಿನ ನೀರು ಕೊಡವಿಕೊಂಡು ಮನೆಗೆ ನಡೆಯಿರಿ.