ಬೆನ್ನುಜ್ಜಿದ ಜಗಳ

ತುಂಗಭದ್ರೆಯ ದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಅಲ್ಲಿನ ಶಿಷ್ಯ ಕೊಟ್ರೇಶನಿಗೆ ಆ ದಿನ ಬಂದ ಕೋಪವೇನು ಸಾಮಾನ್ಯದ್ದೇ? ಪಕ್ಕದಲ್ಲಿ ಜೋಳ ಚೆಲ್ಲಿದ್ದರೆ ಅರಳಾಗಿ ಸಿಡಿಯುತ್ತಿತ್ತು. ಹೊಳೆಗಿಳಿದಿದ್ದರೆ ಆಚೆ ದಂಡೆಯವರಿಗೂ ಬಿಸಿನೀರು ಸಿಗುತ್ತಿತ್ತು.

ಎಣ್ಣೆಸ್ನಾನದ ದಿನ ಶಿಷ್ಯರು ಒಬ್ಬರ ಬೆನ್ನನ್ನು ಇನ್ನೊಬ್ಬರು ಸೀಗೆಪುಡಿ ಹಾಕಿ ಉಜ್ಜುವುದು ಅಲ್ಲಿನ ಪದ್ಧತಿ. ಜೊತೆಗಾರ ಹಾಲಪ್ಪ ತುಸು ಜೋರಾಗಿ ಉಜ್ಜಿದ. ತನ್ನ ಸರದಿ ಬಂದಾಗ ಕೊಟ್ರೇಶ ಅಷ್ಟನ್ನೇ ತಿರುಗಿಸಿ ಕೊಟ್ಟ. ಹಾಲಪ್ಪ ಮತ್ತೆ ಉಜ್ಜಿದ, ಇವನೂ ಬಿಡಲಿಲ್ಲ. ಕೊನೆಗೆ ಇಬ್ಬರ ಬೆನ್ನಿನ ತೊಗಲೂ ಕಿತ್ತು ಬಂತು.

ಕೊಟ್ರೇಶ ಒದ್ದೆ ಪಂಚೆಯಲ್ಲೇ ಗುರುಗಳ ಮುಂದೆ ಬಂದು ನಿಂತ. ಹಾಲಪ್ಪ ಬೇಕೆಂದೇ ಪ್ರತಿ ಸಲ ಹೆಚ್ಚಿಸಿದನೆಂದೂ, ತಾನು ಕೂದಲೆಳೆಯಷ್ಟೂ ಹೆಚ್ಚು ಮಾಡಲಿಲ್ಲವೆಂದೂ ಬುಸುಗುಟ್ಟಿದ.

“ಅವನನ್ನು ಆಶ್ರಮ ಬಿಡಿಸಿ, ಅಜ್ಜಾರೇ. ಇಲ್ಲದಿದ್ದರೆ ಇವತ್ತೇ ನಾನು ಹೊರಟೆ.”

ಗುರುಗಳು ಅವನ ಬೆನ್ನು ನೋಡಿದರು.

“ನಿನ್ನ ಕಂಕುಳಿಗೆ ನೀನೇ ಕಚಗುಳಿ ಇಟ್ಟುಕೋ.”

ಹಲ್ಲು ಕಡಿಯುತ್ತಲೇ ಕೊಟ್ರೇಶ ಇಟ್ಟುಕೊಂಡ. ನಗು ಬರಲಿಲ್ಲ.

“ಬರುವುದಿಲ್ಲ ತಮ್ಮಾ. ಕೈ ಏನು ಮಾಡಲಿದೆ ಅನ್ನುವುದು ಮಿದುಳಿಗೆ ಮೊದಲೇ ಗೊತ್ತು. ತನ್ನ ಕೈಯ ಬಲವನ್ನು ಅದು ತಗ್ಗಿಸಿ ತಿಳಿಸುತ್ತದೆ. ಪರರ ಕೈಯದನ್ನು ತಗ್ಗಿಸುವುದಿಲ್ಲ.”

“ನನ್ನ ಬೆನ್ನು ಸುಲಿದವನು ಅವನು. ಮಿದುಳಿನ ಪುರಾಣ ನನಗೇಕೆ?”

ಗುರುಗಳು ಹೆಬ್ಬೆರಳಿನಿಂದ ಅವನ ಅಂಗೈಯನ್ನು ಮೆಲ್ಲಗೆ ಒತ್ತಿದರು. ಹೆಚ್ಚೂ ಬೇಡ, ಕಡಿಮೆಯೂ ಬೇಡ, ಅಷ್ಟನ್ನೇ ತಮ್ಮ ಅಂಗೈಗೆ ತಿರುಗಿ ಕೊಡು ಎಂದರು. ಅವನು ಒತ್ತಿದ. ಅವರೂ ಮರಳಿಸಿದರು. ಅವನು ಮತ್ತೆ ಒತ್ತಿದ.

ಹಾಗೇ ಬೆಳೆದ ಆ ಒತ್ತಾಟಕ್ಕೆ ಕಬ್ಬು ಕೊಟ್ಟಿದ್ದರೆ ಗಾಣವೇ ಬೇಡ, ಸುತ್ತಲಿನ ಊರಿಗೆಲ್ಲ ಬೆಲ್ಲವಾಗುತ್ತಿತ್ತು. ಕೊಟ್ರೇಶನೇ ಮೊದಲು ಕೈ ಕಿತ್ತುಕೊಂಡ. ಕಣ್ಣಲ್ಲಿ ನೀರಾಡಿತ್ತು, ಮಾತಲ್ಲಿ ಇನ್ನೂ ಬೆಂಕಿ.

“ನೀವೂ ಅವನಂಥವರೇ. ನಾನು ತಗೊಂಡಷ್ಟನ್ನೇ ಕೊಟ್ಟೆ. ನೀವು ಪ್ರತಿ ಸಲವೂ ಹೆಚ್ಚಿಸಿದಿರಿ.”

ಗುರುಗಳು ತಮ್ಮ ಅಂಗೈ ತೋರಿಸಿದರು. ನಡುವೆ ಕೆಂಪಗೆ ಬಾತಿತ್ತು.

“ನಾನೂ ತಗೊಂಡಷ್ಟನ್ನೇ ಕೊಟ್ಟೆ, ತಮ್ಮಾ. ಈಗ ಹೇಳು, ಯಾರ ಗಂಟುಮೂಟೆ ಕಟ್ಟಿಸಲಿ?”