ಸಿಳ್ಳೆಬಾತುಗಳ ಕೆರೆಯಲ್ಲಿ ಅರ್ಧ ಸಿಳ್ಳೆ

ಕಾಡಿನ ನಡುವೆ ಒಂದು ಕೆರೆಯಿತ್ತು. ಅದರ ಅಂಚಿನ ಜೊಂಡಿನಲ್ಲಿ ಸಿಳ್ಳೆಬಾತುಗಳು ಗೂಡು ಕಟ್ಟಿಕೊಂಡು ವಾಸವಾಗಿದ್ದವು. ಹೆಸರೇನೋ ಸಿಳ್ಳೆಬಾತು, ಆದರೆ ಆ ಕೆರೆಯಲ್ಲಿ ಸಿಳ್ಳೆ ಹಾಕುವುದು ಅಪರಾಧವಾಗಿತ್ತು.

ಮಕ್ಕಳೇ, ನಗಬೇಡಿ. ಆ ಬಾತುಗಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. "ಸಿಳ್ಳೆ ಸಂತೋಷದಿಂದ ಹುಟ್ಟುತ್ತದೆ. ಸಂತೋಷದ ಬಾಲ ಹಿಡಿದು ಪಾಪ ಬರುತ್ತದೆ" ಎಂದು ಅವುಗಳ ಹಿರಿಯ ಶುದ್ಧಮತಿ ಹೇಳಿದ್ದ. ಹಿರಿಯನು ಹೇಳಿದ ಮೇಲೆ ಯೋಚಿಸುವ ಕೆಲಸ ಉಳಿಯುವುದಿಲ್ಲವೆಂದು ಉಳಿದವರು ನಂಬಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಪ್ರತಿ ಮುಂಜಾನೆ, ಗಂಡು ಹೆಣ್ಣೆನ್ನದೆ ಎಲ್ಲರೂ ಕೆರೆಯ ಬಂಡೆಯ ಮೇಲೆ ಸಾಲಾಗಿ ನಿಲ್ಲಬೇಕು. ಬಿಸಿಲು ಮತ್ತಿಮರದ ತುದಿಯಿಂದ ಬುಡಕ್ಕೆ ಇಳಿಯುವವರೆಗೆ ಕೊಕ್ಕನ್ನು ಎದೆಗೆ ಒತ್ತಿಕೊಂಡು ಅಲುಗದೆ ಇರಬೇಕು. ಅದನ್ನು ಅವರು 'ಸಾಲು' ಎಂದು ಕರೆಯುತ್ತಿದ್ದರು.

ಕೆಂಚಿ ಮತ್ತು ಹೊಂಗರಿ ಒಂದೇ ಜೊಂಡಿನ ಬುಡದಲ್ಲಿ ಹುಟ್ಟಿದ ಗೆಳತಿಯರು. ಆಚೆ ದಡದಲ್ಲಿ ಯಾರೂ ಇಲ್ಲದಾಗ ಅವರು ಕದ್ದು ಸಿಳ್ಳೆ ಹಾಕುತ್ತಿದ್ದರು. ಒಂದೇ ಸಿಳ್ಳೆ, ಎರಡು ಪಾಲು. ಹೊಂಗರಿ ಮೊದಲರ್ಧವನ್ನು ಮೇಲಕ್ಕೆ ಎಸೆಯುತ್ತಿದ್ದಳು. ಕೆಂಚಿ ಉಳಿದರ್ಧವನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದಳು. ಹಂಚಿಕೊಂಡರೆ ಅಪರಾಧವೂ ಅರ್ಧವಾಗುತ್ತದೆ ಎಂದು ಕೆಂಚಿ ನಗುತ್ತಿದ್ದಳು.

ಸಾಲಿನ ಕಟ್ಟಳೆ ಬಂದ ಮೊದಲ ವರ್ಷ ಮಳೆ ಹಿಡಿದಾಗ ಎಲ್ಲ ಗೂಡುಗಳಲ್ಲಿಯೂ ಮೊಟ್ಟೆಗಳಿದ್ದವು. ಆಗ ಕೆಂಚಿ ಸಾಲಿಗೆ ಬರುವುದನ್ನು ನಿಲ್ಲಿಸಿದಳು.

ಹೊಂಗರಿ ಗಾಬರಿಯಿಂದ ಅವಳ ಗೂಡಿಗೆ ಓಡಿಬಂದಳು. "ಏನೇ ಇದು? ನಿನ್ನ ಜಾಗ ಖಾಲಿ ಕಂಡು ಪಾತಕ್ಕ ಕತ್ತು ಉದ್ದ ಮಾಡಿದ್ದಾಳೆ!"

ಪಾತಕ್ಕ ನೆರೆಮನೆಯವಳು. ಕೆರೆಯಲ್ಲಿ ಯಾರ ಮೀನು ಎಷ್ಟು ಉದ್ದ ಎಂಬುದೂ ಅವಳಿಗೆ ಗೊತ್ತಿರುತ್ತಿತ್ತು.

"ಅವಳ ಕತ್ತು ಮೊದಲೇ ಉದ್ದ" ಎಂದಳು ಕೆಂಚಿ. "ಹೋಗಿ ನಿನ್ನ ಮೊಟ್ಟೆಗಳನ್ನು ಮುಟ್ಟಿ ನೋಡಿಕೊಂಡು ಬಾ."

ಹೊಂಗರಿ ಹೋಗಿ ಮುಟ್ಟಿದಳು. ಮಳೆಗಾಲದ ಮುಂಜಾನೆಯ ಗಾಳಿಗೆ ಅವು ಬಂಡೆಯಂತೆ ತಣ್ಣಗಾಗಿದ್ದವು.

"ಈಗ ನನ್ನವನ್ನು ಮುಟ್ಟು."

ಕೆಂಚಿಯ ಮೊಟ್ಟೆಗಳು ಬೆಚ್ಚಗಿದ್ದವು.

"ಇಷ್ಟೇ ಕಣೇ ಸಂಗತಿ. ನಾವು ಬಂಡೆಯ ಮೇಲೆ ಪುಣ್ಯ ಸಂಪಾದಿಸುವ ಹೊತ್ತಿನಲ್ಲಿ ಮೊಟ್ಟೆ ಆರಿಹೋಗುತ್ತದೆ."

ಹೊಂಗರಿಗೆ ಅರ್ಥವಾಯಿತು. ಎರಡು ಮುಂಜಾನೆ ಅವಳೂ ಗೂಡು ಬಿಟ್ಟು ಏಳಲಿಲ್ಲ. ಮೂರನೆಯ ಮುಂಜಾನೆ ಶುದ್ಧಮತಿಯ ಕೆಮ್ಮು ಕೇಳಿಸಿತು. ಅವಳು ಎದ್ದು ಸಾಲಿನಲ್ಲಿ ನಿಂತಳು.

ಮೊಟ್ಟೆ ಒಡೆಯುವ ದಿನ ಬಂತು. ನಲವತ್ತು ಗೂಡುಗಳಲ್ಲಿ ಒಂದು ಮರಿಯೂ ಹುಟ್ಟಲಿಲ್ಲ. ಕೆಂಚಿಯ ಗೂಡಿನಿಂದ ಮಾತ್ರ ಎಂಟು ಮರಿಗಳು ಹೊರಬಂದು ನೀರಿಗಿಳಿದವು.

"ನಮ್ಮ ಮೊಟ್ಟೆಗಳ ಕಾವು ಎಲ್ಲಿಗೆ ಹೋಯಿತು ಅಂತೀರಿ?" ಎಂದಳು ಪಾತಕ್ಕ. "ಎಲ್ಲವೂ ಒಂದೇ ಗೂಡಿಗೆ ಹೋಗಿದೆ. ಹೇಗೆ ಹೋಯಿತು? ನಾನು ಹೇಳುವುದಿಲ್ಲಮ್ಮ. ನೀವೇ ಹೇಳಿ."

ಯಾರೋ ಹೇಳಿದರು. "ಮಾಟಗಾತಿ!"

ಶುದ್ಧಮತಿ ಬಂಡೆಯ ಮೇಲೆ ವಿಚಾರಣೆ ಕರೆದ. ಮೊದಲು ಅವನು ಕರೆದದ್ದು ಕೆಂಚಿಯನ್ನಲ್ಲ, ಹೊಂಗರಿಯನ್ನು.

"ಎರಡು ಮುಂಜಾನೆ ನೀನೂ ಸಾಲಿನಲ್ಲಿರಲಿಲ್ಲ. ನೀನೂ ಮಾಟಗಾತಿಯೇ ಏನಮ್ಮಾ?"

"ಅಲ್ಲ, ಅಜ್ಜಯ್ಯ."

"ಹಾಗಾದರೆ ನಿನ್ನನ್ನು ಯಾರೋ ಮರುಳು ಮಾಡಿರಬೇಕು. ಅವರ ಹೆಸರು ಹೇಳು, ನಿನಗೆ ಕ್ಷಮೆ ಇದೆ. ಹೇಳದಿದ್ದರೆ ನೀರಿನ ಪರೀಕ್ಷೆ ಇದೆ."

ಹೊಂಗರಿಗೆ ಉತ್ತರ ಗೊತ್ತಿತ್ತು. 'ಮೊಟ್ಟೆಗೆ ಕಾವು ಬೇಕು, ಅಜ್ಜಯ್ಯ.' ಮೂರೇ ಮಾತು. ಅವಳು ಕೊಕ್ಕು ತೆರೆದಳು. ಸುತ್ತಲೂ ನಲವತ್ತು ಗೂಡುಗಳ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಕೆಂಚಿ" ಎಂದಳು.

ನೀರಿನ ಪರೀಕ್ಷೆ ಸರಳವಾಗಿತ್ತು. ಆಪಾದಿತರ ರೆಕ್ಕೆಗಳನ್ನು ಬಳ್ಳಿಯಿಂದ ಕಟ್ಟಿ ಕೆರೆಗೆ ನೂಕಬೇಕು. ಶುದ್ಧರಾದವರನ್ನು ಕೆರೆ ಒಳಗೆ ಕರೆದುಕೊಳ್ಳುತ್ತದೆ; ಮಾಟಗಾತಿಯನ್ನು ಮೇಲಕ್ಕೆ ಉಗುಳುತ್ತದೆ.

ಕೆಂಚಿಯನ್ನು ನೂಕಿದರು. ಅವಳು ಬಾತು. ತೇಲಿದಳು.

"ಕಂಡಿರಾ!" ಎಂದು ದಡವೆಲ್ಲ ಕೂಗಿತು.

ಬಂಡೆಯ ಬುಡದಲ್ಲಿ ಬಿಸಿಲು ಕಾಯುತ್ತಿದ್ದ ಮುದಿ ಆಮೆ ತಲೆ ಹೊರಹಾಕಿತು. "ನಾನು ದಿನಕ್ಕೆ ನಾಲ್ಕು ಸಲ ಮುಳುಗುತ್ತೇನೆ. ಹಾಗಾದರೆ ಈ ಕೆರೆಯಲ್ಲಿ ನಾನೊಬ್ಬನೇ ಶುದ್ಧನೋ?"



ಕೆಂಚಿ ನೀರಿನಿಂದಲೇ ಕೇಳಿದಳು. "ಅಜ್ಜಯ್ಯ, ನೀವು ಎಂದಾದರೂ ಮುಳುಗಿದ್ದೀರಾ?"

"ನನಗೆ ಪರೀಕ್ಷೆಯೇ ನಡೆದಿಲ್ಲ" ಎಂದ ಶುದ್ಧಮತಿ. "ಪರೀಕ್ಷೆ ನಡೆಯುವುದು ತಪ್ಪಿತಸ್ಥರಿಗೆ."

ಬಳ್ಳಿ ಬಿಚ್ಚಿ, ಬಿಸಿಲು ಮತ್ತಿಮರದ ಬುಡ ಮುಟ್ಟುವುದರೊಳಗೆ ಕೆರೆ ಬಿಡಬೇಕೆಂದು ಆಜ್ಞೆ ಮಾಡಿದರು. ಮರಿಗಳಿಗೆ ಹಾರಲು ಬಾರದು. ಆದ್ದರಿಂದ ಕೆಂಚಿಯೂ ಹಾರಲಿಲ್ಲ. ಎಂಟು ಮರಿಗಳನ್ನು ಹಿಂದಿಟ್ಟುಕೊಂಡು ಕೆರೆಯ ಕೋಡಿಯತ್ತ ಈಜಿದಳು. ಕೋಡಿಯ ನೀರು ಹಳ್ಳವಾಗಿ ಯಾರೂ ಕಾಣದ ಕಾಡಿಗೆ ಹರಿಯುತ್ತಿತ್ತು.

ಹೊಂಗರಿ ಜೊಂಡಿನ ಮರೆಯಲ್ಲಿ ನಿಂತಿದ್ದಳು. ಬೈದರೆ ಸಾಕು, ಹಗುರಾಗುತ್ತೇನೆ ಎಂದುಕೊಂಡಳು. ಕೆಂಚಿ ಬೈಯಲಿಲ್ಲ.

"ಹೊಂಗರಿ, ಇನ್ನು ಮೊಟ್ಟೆ ಇಟ್ಟಾಗ ಏಳಬೇಡ ಕಣೇ" ಎಂದಳು. ಅಷ್ಟೇ. ಕೋಡಿ ಅವಳನ್ನು ಎಳೆದುಕೊಂಡಿತು.

ಮರುವರ್ಷ ಮಾಟಗಾತಿ ಇರಲಿಲ್ಲ. ಆದರೂ ಮೊಟ್ಟೆಗಳು ಒಡೆಯಲಿಲ್ಲ. ಆದ್ದರಿಂದ ಇನ್ನೊಬ್ಬ ಮಾಟಗಾತಿಯನ್ನು ಹುಡುಕಿದರು. ಅವಳು ತೇಲಿದಳು. ಮತ್ತೊಬ್ಬಳನ್ನು ಹುಡುಕಿದರು. ಅವಳೂ ತೇಲಿದಳು. ಹೀಗೆ ಹನ್ನೊಂದು ಬಾತುಗಳು ಕೋಡಿ ದಾಟಿದವು. ಹೊಂಗರಿ ಆ ವರ್ಷ ಮೊಟ್ಟೆಯಿಡಲಿಲ್ಲ. ಸಾಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಅವಳು ಮಾತ್ರ ಕೋಡಿಯ ಕಡೆ ನೋಡುತ್ತಿದ್ದಳು. ನೀರು ಆಚೆಗೆ ಹೋಗುತ್ತಿತ್ತು. ಈಚೆಗೆ ಏನೂ ಬರುತ್ತಿರಲಿಲ್ಲ.

ಮೂರನೆಯ ವರ್ಷ ಶುದ್ಧಮತಿಯ ಮಗಳು ಪಾವನಿಯ ಕಾಲಿಗೆ ಮುಳ್ಳು ಚುಚ್ಚಿ ಬಾವು ಬಂತು. ಅವಳು ಬಂಡೆ ಹತ್ತಲಾರದೆ ದಿನವೂ ಗೂಡಿನಲ್ಲಿಯೇ ಉಳಿದಳು. ಅವಳೊಬ್ಬಳ ಗೂಡಿನಲ್ಲಿ ಆರು ಮರಿಗಳು ಹುಟ್ಟಿದವು.

"ಅಜ್ಜಯ್ಯ" ಎಂದಳು ಪಾತಕ್ಕ, ಬಹಳ ವಿನಯದಿಂದ. "ಬಳ್ಳಿ ತರಲೇ?"

ಶುದ್ಧಮತಿ ಮಗಳನ್ನು ನೋಡಿದ, ಮೊಮ್ಮಕ್ಕಳನ್ನು ನೋಡಿದ, ನೀರನ್ನು ನೋಡಿದ. ಪರರ ಮನೆಯಲ್ಲಿ ಎರಡು ವರ್ಷ ಅರ್ಥವಾಗದ ವಿಷಯ ತನ್ನ ಮನೆಯಲ್ಲಿ ಒಂದೇ ಗಳಿಗೆಯಲ್ಲಿ ಅರ್ಥವಾಯಿತು.

"ಮೊಟ್ಟೆಗೆ ಕಾವು ಬೇಕು" ಎಂದ. "ಇದು ನಿಸರ್ಗ."

"ಕೆಂಚಿ ಇದ್ದಾಗ ನಿಸರ್ಗ ಇರಲಿಲ್ಲವೇ?" ಎಂದಿತು ಆಮೆ.

ಶುದ್ಧಮತಿ ಕೆಮ್ಮಿದ. ಅಂದೇ ಸಾಲು ರದ್ದಾಯಿತು, ನೀರಿನ ಪರೀಕ್ಷೆ ರದ್ದಾಯಿತು. ಕೋಡಿ ದಾಟಿದ ಹನ್ನೆರಡು ಬಾತುಗಳೂ ನಿರ್ದೋಷಿಗಳೆಂದು ಬಂಡೆಯ ಮೇಲಿಂದ ಘೋಷಣೆಯಾಯಿತು. ತಪ್ಪು ಯಾರದೂ ಅಲ್ಲ, ಕಾಲದ್ದು ಎಂದೂ ಅವನು ಸೇರಿಸಿದ. ಎಲ್ಲರೂ ನಿಟ್ಟುಸಿರಿಟ್ಟರು.

"ತಪ್ಪು ನನ್ನದು" ಎಂದಳು ಹೊಂಗರಿ. "ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ."

"ಆಗಲಮ್ಮ, ನಿನ್ನನ್ನು ಕ್ಷಮಿಸಿದ್ದೇವೆ."

"ನೀವು ಕ್ಷಮಿಸಿ ನನಗೇನಾಗಬೇಕು, ಅಜ್ಜಯ್ಯ?"

ಹೋದವರನ್ನು ಮರಳಿ ಕರೆಯಬೇಕೆಂದು ಎಲ್ಲರೂ ಕೋಡಿಯ ಬಳಿ ಸೇರಿದರು. ಕಾಡಿನಾಚೆಗೆ ಕೇಳಿಸಬೇಕಾದರೆ ಸಿಳ್ಳೆಯೇ ಆಗಬೇಕು. ಆದರೆ ಹೊಂಗರಿಯ ಅರ್ಧ ಸಿಳ್ಳೆಯ ಹೊರತು ಸಿಳ್ಳೆ ಹಾಕಲು ಯಾರಿಗೂ ಬರುತ್ತಿರಲಿಲ್ಲ. ಉಳಿದವರ ಗಂಟಲಿನಿಂದ ಬರಿಯ ಗಾಳಿ ಬಂತು. ಮೂರು ದಿನ ಪ್ರಯತ್ನಿಸಿ, ಕರ್ತವ್ಯ ಮುಗಿಯಿತೆಂದು ಗೂಡುಗಳಿಗೆ ಮರಳಿದರು.

ಹೊಂಗರಿ ಮರಳಲಿಲ್ಲ. ಕೋಡಿಯ ಪಕ್ಕದಲ್ಲಿಯೇ ಗೂಡು ಕಟ್ಟಿದಳು. ಮರುವರ್ಷ ಮೊಟ್ಟೆಯಿಟ್ಟಾಗ ಏಳಲಿಲ್ಲ. ಐದು ಮರಿಗಳು ಹುಟ್ಟಿದವು. ಪ್ರತಿ ಸಂಜೆ ಅವುಗಳನ್ನು ಕರೆದುಕೊಂಡು ಹೋಗಿ, ನೀರು ಧುಮುಕುವ ಕಡೆ ನಿಂತು ಸಿಳ್ಳೆ ಹಾಕುತ್ತಿದ್ದಳು. ಸಿಳ್ಳೆ ಮೇಲಕ್ಕೇರಿ ಅಲ್ಲಿಯೇ ನಿಲ್ಲುತ್ತಿತ್ತು. ಅವಳು ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

"ಅಮ್ಮಾ, ಯಾಕೆ ಅರ್ಧಕ್ಕೇ ನಿಲ್ಲಿಸುತ್ತೀಯೆ?" ಎಂದು ಕಿರಿಯ ಮರಿ ಕೇಳಿತು. "ಪೂರ್ತಿ ಹಾಕು."

"ಉಳಿದರ್ಧ ನನ್ನದಲ್ಲ, ಮಗೂ" ಎಂದಳು ಹೊಂಗರಿ.

ನೀತಿ: ತೀರ್ಪನ್ನು ಹಿಂತೆಗೆದುಕೊಳ್ಳಲು ಒಂದು ಮಾತು ಸಾಕು, ಆ ತೀರ್ಪಿಗೆ ಗುರಿಯಾಗಿ ಹೊರಟುಹೋದವರನ್ನು ಮರಳಿ ತರಲು ಎಷ್ಟು ಮಾತೂ ಸಾಲದು, ಆದ್ದರಿಂದ ಸತ್ಯ ಗೊತ್ತಿದ್ದವರು ಅದು ಬೇಕಾದ ದಿನವೇ ಹೇಳಬೇಕು.