ಸೋತೋರ ಪಂಕ್ತೀಲಿ ಕೂತ ಸೆಲೆಕ್ಟರ್

"ಮೇಡಂ, ಆಡೋ ಮಕ್ಕಳ ಬಲ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?"

ಕೇಳಿದೋಳು ಭಾಗೀರಥಿ. ನಮ್ಮ ಬೀದಿ ಫಿಲೋಮಿನಾ ಮೇಡಂ ಹತ್ರ ಬ್ಯಾಸ್ಕೆಟ್‌ಬಾಲ್ ಕಲಿತು ದೊಡ್ಡೋಳಾದೋಳು. ಈಗ ಅವಳನ್ನೇ ಸೆಲೆಕ್ಟರ್ ಮಾಡಿದಾರೆ. ಬೆಳಗಾದ್ರೆ ಹೈಸ್ಕೂಲ್ ಹುಡುಗೀರ ಮ್ಯಾಚ್ ನೋಡಿ ಕ್ರೀಡಾ ಹಾಸ್ಟೆಲಿಗೆ ಒಬ್ಬಳನ್ನ ಆರಿಸ್ಬೇಕು. ಹೊಸ ಟ್ರ್ಯಾಕ್ ಸೂಟಿಗೆ ಇಸ್ತ್ರಿ ಮಾಡಿಸಿ ಹಾಕ್ಕೊಂಡು ಬಂದಿದ್ಲು. ಮುಖಕ್ಕೆ ಮಾತ್ರ ಇಸ್ತ್ರಿ ಇರಲಿಲ್ಲ.

ಮೇಡಂ ಅವಳನ್ನ ಜಗಲಿ ಮೇಲೆ ಕೂರಿಸಿದ್ರು. ನೇರ ಉತ್ತರ ಕೊಡೋ ಹೆಂಗಸೇ ಅಲ್ಲ ಅವರು. ಕತೆ ಶುರು ಮಾಡಿದ್ರು.

ಒಬ್ಬ ಸೆಲೆಕ್ಟರ್ ಇದ್ದ. ಒಂದು ಸ್ಕೂಲಿಗೆ ಮ್ಯಾಚ್ ನೋಡಕ್ಕೆ ಬಂದ. ಅವನ ಕೈಲಿ ಇದ್ದಿದ್ದು ಹಾಸ್ಟೆಲಿನ ಒಂದೇ ಸೀಟು. ಅದಕ್ಕೆ ಇಬ್ಬರು ಹುಡುಗೀರು. ಒಬ್ಬಳು ಆ ಸ್ಕೂಲಿನ ದಪ್ಪ ಹುಡುಗಿ. ಇನ್ನೊಬ್ಬಳು ಎದುರು ಟೀಮಿನ ಉದ್ದ ಹುಡುಗಿ. ಇಬ್ಬರೂ ಹತ್ತನೇ ಕ್ಲಾಸು. ಇಬ್ಬರ ಊರಲ್ಲೂ ಮುಂದೆ ಆಡಕ್ಕೆ ಟೀಮಿಲ್ಲ. ಸೀಟು ಸಿಕ್ಕಿದೋಳು ಆಡ್ತಾಳೆ. ಸಿಗದೋಳು ಬೂಟು ಬಿಚ್ಚಿ ತಂಗಿಗೆ ಕೊಡ್ತಾಳೆ. ಅಷ್ಟೇ ವಿಷಯ.

ದಪ್ಪ ಹುಡುಗಿ ಪವರ್ ಫಾರ್ವರ್ಡ್. ಬುಟ್ಟಿ ಕೆಳಗೆ ಜಾಗ ಹಿಡ್ಕೊಂಡು ಗುದ್ದಾಡೋ ಕೆಲಸ. ಉದ್ದ ಹುಡುಗೀದೂ ಅದೇ ಕೆಲಸ. ಹಾಗಾಗಿ ಇವಳಿಗೆ ಅವಳೇ ಎದುರಾಳಿ, ಅವಳಿಗೆ ಇವಳೇ.

ಸೆಲೆಕ್ಟರ್ ಗೇಟಿನ ಒಳಗೆ ಕಾಲಿಟ್ಟಿದ್ದೇ ತಡ, ಎಲ್ಲರೂ ಮುತ್ಕೊಂಡ್ರು. "ನಮ್ಮ ಹುಡುಗಿ ಹುಲಿ ಸಾರ್, ಹುಲಿ" ಅಂದ್ರು ಹೆಡ್‌ಮಾಸ್ಟರು. ಅವರು ಚರ್ಚಾಸ್ಪರ್ಧೆಲಿ ತೊದಲೋ ಮಕ್ಕಳಿಗೂ ಹುಲಿ ಅಂತಿದ್ದೋರೇ. ದಪ್ಪ ಹುಡುಗಿಯ ಅಮ್ಮ ಅವರನ್ನ ಪಕ್ಕಕ್ಕೆ ಸರಿಸಿ ಮುಂದೆ ಬಂದ್ಲು. "ಅವಳ ತೋಳು ನೋಡಿ ಸಾರ್. ಮುದ್ದೆ ತಿಂದು ಬಂದ ತೋಳು. ಬಿಸ್ಕತ್ತು ತಿಂದು ಬಂದಿದ್ದಲ್ಲ" ಅಂದ್ಲು. ಸೆಲೆಕ್ಟರ್ ಎಲ್ಲರಿಗೂ ತಲೆ ಆಡಿಸಿದ. ಯಾರ ಮಾತನ್ನೂ ಒಳಗೆ ಬಿಟ್ಕೊಳ್ಳಲಿಲ್ಲ. ಹೆತ್ತೋರೂ ಕಲಿಸಿದೋರೂ ಹೊಗಳ್ದೆ ಇನ್ನೇನು ಮಾಡ್ತಾರೆ?

ಮ್ಯಾಚ್ ಶುರುವಾಯ್ತು. ಚೆಂಡು ಹೋದ ಕಡೆಗೆಲ್ಲ ಸೆಲೆಕ್ಟರ್ ಕಣ್ಣು ಹೋಯ್ತು. ಉದ್ದ ಹುಡುಗಿ ಚೆಂಡು ಸಿಕ್ಕಾಗೆಲ್ಲ ಚೆಂದವಾಗಿ ಬುಟ್ಟಿಗೆ ಹಾಕಿದ್ಲು. ಜನ ಚಪ್ಪಾಳೆ ತಟ್ಟಿದ್ರು. ದಪ್ಪ ಹುಡುಗಿ ಕೈಗೆ ಚೆಂಡು ಬಂದಿದ್ದೇ ಅಪರೂಪ. ಬಂದ್ರೂ ಪಕ್ಕದೋಳಿಗೆ ಕೊಟ್ಟುಬಿಡೋಳು. ಸೆಲೆಕ್ಟರ್ ಮನಸ್ಸಲ್ಲೇ ಉದ್ದ ಹುಡುಗಿಗೆ ಸೀಟು ಕೊಟ್ಟಾಗಿತ್ತು.

ಆದ್ರೆ ಗೆದ್ದಿದ್ದು ದಪ್ಪ ಹುಡುಗಿ ಟೀಮು. ಅದೊಂದೇ ಅವನಿಗೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡ್ತು.

ಆ ಸ್ಕೂಲಲ್ಲಿ ಒಂದು ಪದ್ಧತಿ. ಮ್ಯಾಚ್ ಮುಗಿದ ಮೇಲೆ ಎರಡೂ ಟೀಮಿಗೆ ಊಟ ಹಾಕೇ ಕಳಿಸೋದು. ಗೆದ್ದೋರದ್ದು ಒಂದು ಪಂಕ್ತಿ, ಸೋತೋರದ್ದು ಇನ್ನೊಂದು. ಸೆಲೆಕ್ಟರಿಗೆ ಗೆದ್ದೋರ ಪಂಕ್ತೀಲಿ, ಹೆಡ್‌ಮಾಸ್ಟರ್ ಪಕ್ಕದಲ್ಲೇ ಎಲೆ ಹಾಕಿದ್ರು. ಅವನು ಎಲೆ ಎತ್ಕೊಂಡು ಹೋಗಿ ಸೋತೋರ ನಡುವೆ ಕೂತ. ಹೆಡ್‌ಮಾಸ್ಟರ್ ಮುಖ ಹುಳಿ ಮಜ್ಜಿಗೆ ಆಯ್ತು.

ಸೋತ ಹುಡುಗೀರಿಗೆ ಪಕ್ಕದಲ್ಲಿ ಯಾರು ಕೂತ್ರು ಅನ್ನೋ ಗ್ಯಾನವೇ ಇಲ್ಲ. ಅನ್ನಕ್ಕಿಂತ ಸಿಟ್ಟು ಬಿಸಿಯಾಗಿತ್ತು.

"ಅದೇನು ಬೆನ್ನೇನೇ ಅದು? ಕಬ್ಬಿಣದ ಬೀರು ಕಣೇ! ತಳ್ಳಕ್ಕೆ ಹೋಗಿ ನಾನೇ ಹಿಂದಕ್ಕೆ ಬಿದ್ದೆ."

"ನಾನು ಜಡೆ ಎಳೆದೆ. ತಿರುಗಿಯಾದ್ರೂ ಬಯ್ಯಬಾರದಾ? ನೊಣ ಕೂತ ಹಾಗೆ ತಲೆ ಕೊಡವಿದ್ಲು, ಪೀಡೆ!"

"ಮುಂದಿನ ಸಲ ಅವಳಿಗೆ ಜ್ವರ ಬರ್ಲಿ ದೇವ್ರೇ, ಸಣ್ಣ ಜ್ವರ ಸಾಕು."

ಸೆಲೆಕ್ಟರ್ ಅನ್ನ ಬಿಟ್ಟು ಕಿವಿ ಕೊಟ್ಟ. ಇಷ್ಟು ಹೊತ್ತು ಕೇಳಿದ ಹೊಗಳಿಕೇಲಿ ಇಲ್ಲದ್ದು ಈ ಬೈಗುಳದಲ್ಲಿತ್ತು. ಅವನ ಆಚೆ ಪಕ್ಕದಲ್ಲಿ ಉದ್ದ ಹುಡುಗಿ ಒಬ್ಬಳೇ ಬಾಯಿ ಬಿಡದೆ ಕೂತಿದ್ಲು. ಇವನು ಯಾರು ಅಂತ ಅವಳಿಗೆ ಗೊತ್ತಿತ್ತು. ಚಪ್ಪಾಳೆ ಬಿದ್ದ ರೀತೀಲೇ ಸೀಟು ತನ್ನ ಕಡೆ ವಾಲಿದೆ ಅಂತಾನೂ ಗೊತ್ತಾಗಿತ್ತು.

"ಅವಳಿಗೆ ಎದುರಾಗಿ ಆಡಿದೋಳು ನೀನು. ನೀನು ಯಾಕಮ್ಮ ಬಯ್ತಿಲ್ಲ?" ಅಂತ ಕೇಳಿದ.

ಹುಡುಗಿ ತುತ್ತು ನುಂಗಿದ್ಲು. "ಚೆಂಡು ಬುಟ್ಟಿಗೆ ಬೀಳದೆ ಬಡಿದು ವಾಪಸ್ ಬರತ್ತಲ್ಲ ಸಾರ್, ಆಗ ಎಲ್ಲರೂ ಚೆಂಡು ನೋಡ್ತಾರೆ. ಅವಳು ನನ್ನ ನೋಡ್ತಾಳೆ. ಬೆನ್ನು ಕೊಟ್ಟು ನಿಂತು ನನ್ನ ಹಿಂದಕ್ಕೆ ಹಾಕ್ತಾಳೆ. ಚೆಂಡು ನನಗೆ ಸಿಗಲ್ಲ, ಅವಳಿಗೂ ಸಿಗಲ್ಲ. ಅವಳ ಟೀಮಿನ ಇನ್ಯಾರಿಗೋ ಸಿಗತ್ತೆ. ನೀವು ಇವತ್ತೆಲ್ಲ ಆ ಇನ್ಯಾರನ್ನೋ ನೋಡ್ತಿದ್ರಿ."

"ಇದನ್ನ ನನಗ್ಯಾಕೆ ಹೇಳ್ದೆ?"

"ಕೇಳಿದ್ರಲ್ಲ ಸಾರ್. ಅಲ್ದೆ, ನಾನು ಸೋತಿದ್ದು ಯಾರೋ ದಾರಿಹೋಕಳ ಕೈಲಿ ಅಲ್ಲ. ಅದು ನಿಮಗೂ ಗೊತ್ತಾಗ್ಲಿ."

ಸೀಟು ದಪ್ಪ ಹುಡುಗಿಗೆ ಹೋಯ್ತು.

ಅವಳಮ್ಮನ ಕಾಲು ಅವತ್ತು ನೆಲದ ಮೇಲಿರಲಿಲ್ಲ. ಸೋತ ಹುಡುಗೀರು ಏನೇನು ಬೈದ್ರು ಅಂತ ಕೆದಕಿ ಕೆದಕಿ ಕೇಳ್ಕೊಂಡ್ಲು. ನಲ್ಲಿ ಹತ್ರ, ಅಂಗಡಿ ಹತ್ರ, ಎಲ್ಲಿ ನಾಲ್ಕು ಜನ ಸಿಕ್ಕಿದ್ರೂ ಅದೇ ಮಾತು. "ನನ್ನ ಮಗಳಿಗೆ ಬೀರು ಅಂದ್ರಂತೆ ಕಣ್ರೀ! ಪೀಡೆ ಅಂದ್ರಂತೆ! ಜ್ವರ ಬರ್ಲಿ ಅಂತ ಹರಕೆ ಹೊತ್ಕೊಂಡವ್ರಂತೆ!" ಸನ್ಮಾನಪತ್ರ ಓದೋರ ಹಾಗೆ ಓದ್ತಿದ್ಲು. ಹೆಡ್‌ಮಾಸ್ಟರು ಮಾತ್ರ "ನಾನು ಮೊದ್ಲೇ ಹೇಳಿದ್ನಲ್ಲ, ಹುಲಿ" ಅಂದ್ರು.

ಮೇಡಂ ಕತೆ ನಿಲ್ಲಿಸಿದ್ರು. ಭಾಗೀರಥಿ ಮುಖ ಅರಳಿತ್ತು. "ಗೊತ್ತಾಯ್ತು ಮೇಡಂ. ಹೊಗಳೋರನ್ನ ಬಿಟ್ಟು ಪೆಟ್ಟು ತಿಂದೋರನ್ನ ಕೇಳ್ಬೇಕು" ಅಂತ ಎದ್ದು ಚಪ್ಪಲಿ ಮೆಟ್ಕೊಂಡ್ಲು. ಗೇಟಿನ ತನಕ ಹೋದೋಳು ತಿರುಗಿ ನಿಂತ್ಲು.

"ಅಲ್ಲ ಮೇಡಂ, ಆ ಉದ್ದ ಹುಡುಗಿ ಬಾಯಿ ಮುಚ್ಕೊಂಡಿದ್ದಿದ್ರೆ ಸೀಟು ಅವಳದೇ ಆಗಿರೋದು. ಪಾಪ, ನಿಜ ಹೇಳೋ ಅವಳ ಬಲ ಯಾರಿಗೂ ಕಾಣಲೇ ಇಲ್ವಲ್ಲ?"

"ಅದನ್ನ ಕಾಣೋ ಸೆಲೆಕ್ಟರ್ ಇನ್ನೂ ಬಂದಿಲ್ಲ ಕಣಮ್ಮ, ಬೆಳಗಾದ್ರೆ ನೀನು ಹೋಗ್ತಿದೀಯಲ್ಲ" ಅಂದ್ರು ಮೇಡಂ.